ಮೂರು ಕಾಲಕ್ಕೂ ಕಂಬಳಿ, ಕುರಿಗಾಹಿಗೆ ಮಾತ್ರ ಬೆಲೆಯಿಲ್ಲ

(ಭದ್ರಾವತಿಯ ಕಾಗದನಗರದಲ್ಲಿ ರೈತರು, ಕಾರ್ಮಿಕರು, ವಿದ್ಯಾರ್ಥಿಗಳು ಸೇರಿದ್ದ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ. ಸಭೆಗೆ ಬಾರದ ಓದುಗರಿಗಾಗಿ ಅಲ್ಲಲ್ಲಿ ವಿವರ ಸೇರಿಸಲಾಗಿದೆ.)



ಬೆಲೆಯ ಮಾತು ಅಂದಕೂಡಲೆ ನಮ್ಮ ಬಾಯಿಗೆ ಬರೋದು ಭತ್ತ, ಕಬ್ಬು, ಅಡಿಕೆ, ಮೆಕ್ಕೆಜೋಳ. ಇವುಗಳ ಬೆಲೆ ಬಿದ್ದರೆ ನಾವು ರಸ್ತೆಗೆ ಇಳಿಯುತ್ತೇವೆ, ಕಚೇರಿ ಮುಂದೆ ಕೂರುತ್ತೇವೆ. ಆದರೆ ನಮ್ಮ ಕಣ್ಣ ಮುಂದೆಯೇ ಒಂದು ಪದಾರ್ಥದ ಬೆಲೆ ಬೀಳುತ್ತಾ ಬೀಳುತ್ತಾ ಕೊನೆಗೆ ಸೊನ್ನೆಗೆ ಬಂತು. ಸೊನ್ನೆಗೂ ಕೆಳಗೆ ಹೋಯಿತು ಅಂದರೂ ತಪ್ಪಿಲ್ಲ. ಯಾರೂ ಕೂಗಲಿಲ್ಲ. ಆ ಪದಾರ್ಥ ತುಪ್ಪಟ. ಪಟ್ಟಣದವರು ಉಣ್ಣೆ ಅಂತಾರೆ. ಇವತ್ತು ಅದರ ಬಗ್ಗೆ ನಾಲ್ಕು ಮಾತು ಹೇಳಬೇಕು.

ಕಾಗದ ಮಾಡೋ ಊರಿಗೆ ಬಂದು ಇದೇನು ಕಂಬಳಿ ಪುರಾಣ ಅಂತ ನೀವು ಕೇಳಬಹುದು. ಕಾರ್ಖಾನೆಯಲ್ಲಿ ದುಡಿದ ಹಿರಿಯರು ಇಲ್ಲಿದ್ದೀರಿ, ನಿಮಗೆ ಗೊತ್ತು. ಕಾಗದದ ಯಂತ್ರದಲ್ಲಿ ತಿರುಳು ನೀರಿನಿಂದ ಎದ್ದು ಬಂದಾಗ ಅದಕ್ಕೆ ಬಲವೇ ಇರೋದಿಲ್ಲ. ಒದ್ದೆ ಹಾಳೆಯನ್ನು ಎತ್ತಿಕೊಂಡು, ಹಿಂಡುವ ಉರುಳೆಗಳ ನಡುವೆ ದಾಟಿಸಿ, ಒಣಗುವ ಕಡೆಗೆ ಹೊತ್ತು ಸಾಗಿಸುವುದಕ್ಕೆ ಒಂದು ದಪ್ಪ ಬಟ್ಟೆ ಬೇಕು. ಅದಕ್ಕೆ ಫೆಲ್ಟ್ ಅಂತಾರೆ. ಇಪ್ಪತ್ತನೇ ಶತಮಾನದ ಮಧ್ಯದವರೆಗೂ ಜಗತ್ತಿನ ಕಾಗದ ಯಂತ್ರಗಳಲ್ಲೆಲ್ಲ ಆ ಬಟ್ಟೆ ಉಣ್ಣೆಯದೇ. ನೀರು ಹೀರಬೇಕು, ನೀರು ಬಿಡಬೇಕು, ಮೆತ್ತಗಿರಬೇಕು, ಒತ್ತಿದರೆ ಮತ್ತೆ ಎದ್ದು ನಿಲ್ಲಬೇಕು. ಇಷ್ಟೂ ಗುಣ ಉಣ್ಣೆಯಲ್ಲಿತ್ತು. ಆಮೇಲೆ ನೈಲಾನ್ ಬೆರೆಯಿತು, ಈಗ ಪೂರ್ತಿ ಕೃತಕ ನೂಲೇ. 1936ರಲ್ಲಿ ಕಂಪನಿಯಾಗಿ ಹುಟ್ಟಿದ ಮೈಸೂರು ಕಾಗದ ಕಾರ್ಖಾನೆ 2015ರಲ್ಲಿ ಉತ್ಪಾದನೆ ನಿಲ್ಲಿಸಿತು. ಉಣ್ಣೆ ಮಾತ್ರ ಅದಕ್ಕಿಂತ ಎಷ್ಟೋ ಮೊದಲೇ ಯಂತ್ರದಿಂದ ಹೊರಬಿದ್ದಿತ್ತು. ಅಂದರೆ, ನಾವು ಓದಿದ ಹಳೇ ಪುಸ್ತಕದ ಪ್ರತಿ ಹಾಳೆಯೂ ಒಂದು ಗಳಿಗೆ ಕುರಿ ಕೂದಲಿನ ಮೇಲೆ ಮಲಗಿ ಎದ್ದು ಬಂದದ್ದು. ಈ ಸಂಬಂಧ ಇಟ್ಟುಕೊಂಡೇ ಮಾತು ಮುಂದುವರಿಸುತ್ತೇನೆ.

ಮಳೆಗಾಲದ ಮಾತು

ನಮ್ಮ ಜಿಲ್ಲೆಯ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುತ್ತದೆ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಆರಿದ್ರಾ ಹಿಡಿದರೆ ಆಶ್ಲೇಷ ಮುಗಿಯೋವರೆಗೂ ಬಿಡೋದಿಲ್ಲ. ಆ ಮಳೆಯಲ್ಲೇ ಉಳಬೇಕು, ಸಸಿ ಕೀಳಬೇಕು, ನೆಡಬೇಕು, ದನ ಹೊಡಕೊಂಡು ಹೋಗಬೇಕು, ಅಡಿಕೆಗೆ ಔಷಧಿ ಹೊಡೆಯಬೇಕು. ಮಳೆ ನಿಲ್ಲಲಿ ಅಂತ ಮಾಡಿನ ಕೆಳಗೆ ಕೂತರೆ ಆ ವರ್ಷದ ಬೆಳೆ ಹೋಯಿತು. ಹೀಗಾಗಿ ಮಲೆನಾಡಿನ ಗಂಡಸರಿಗೆ ಕಂಬಳಿ ಕೊಪ್ಪೆ, ಬಗ್ಗಿ ನೆಟ್ಟಿ ಮಾಡೋ ಹೆಂಗಸರಿಗೆ ಬಿದಿರು, ಎಲೆ ಹೆಣೆದ ಗೊರಬು. ಕಂಬಳಿಯ ಒಂದು ಮೂಲೆಯನ್ನು ಒಳಕ್ಕೆ ಮಡಚಿ ಗೊಪ್ಪೆ ಮಾಡಿ ತಲೆಗೆ ಸಿಕ್ಕಿಸಿಕೊಂಡರೆ ಮುಗಿಯಿತು. ಗುಂಡಿ ಬೇಡ, ದರ್ಜಿ ಬೇಡ. ಕೈ ಎರಡೂ ಕೆಲಸಕ್ಕೆ ಬಿಡುವಾಗಿರ್ತಾವೆ.

ಈಗ ಆ ಜಾಗಕ್ಕೆ ಪ್ಲಾಸ್ಟಿಕ್ ಬಂದಿದೆ. ಹಗುರ, ಅಗ್ಗ, ಒಂದು ಹನಿ ನೀರೂ ಒಳಗೆ ಬರೋದಿಲ್ಲ. ನಿಜ. ಆದರೆ ಒಳಗಿನ ಬೆವರೂ ಹೊರಗೆ ಹೋಗೋದಿಲ್ಲ. ಗಂಟೆ ಹೊತ್ತು ಕೆಲಸ ಮಾಡಿ ನೋಡಿ, ಮಳೆಯಲ್ಲಿ ನೆನೆಯದಿದ್ದರೂ ಬೆವರಲ್ಲಿ ನೆಂದಿರ್ತೀರಿ. ಕೆಲಸ ನಿಲ್ಲಿಸಿದ ಕೂಡಲೆ ಆ ಬೆವರು ತಣ್ಣಗಾಗಿ ಮೈ ನಡುಗಿಸುತ್ತದೆ. ಕಂಬಳಿಯಲ್ಲಿ ಹಾಗಾಗೋದಿಲ್ಲ. ಯಾಕೆ?

ಕುರಿಯ ಕೂದಲು ನೇರವಾದ ಎಳೆಯಲ್ಲ, ಸುರುಳಿ ಸುರುಳಿ. ಆ ಸುರುಳಿಗಳ ಸಂದಿಯಲ್ಲಿ ಗಾಳಿ ಸಿಕ್ಕಿಕೊಂಡಿರುತ್ತದೆ. ಬೆಚ್ಚಗಿಡೋದು ನೂಲಲ್ಲ, ಅದರೊಳಗೆ ನಿಂತ ಗಾಳಿ. ಎಳೆಯ ಮೇಲ್ಮೈಗೆ ಮೀನಿನ ಪೊರೆಯ ಹಾಗೆ ಪೊರೆಗಳಿವೆ, ಮೇಲೆ ಕುರಿಯ ಮೈ ಜಿಡ್ಡು. ಹೀಗಾಗಿ ಹನಿ ಬಿದ್ದ ಕೂಡಲೆ ಒಳಗೆ ಇಳಿಯದೆ ಜಾರುತ್ತದೆ. ಆದರೆ ಆವಿಯಾಗಿ ಬಂದ ತೇವವನ್ನು ಎಳೆಯ ಒಳಭಾಗ ಹೀರಿಕೊಳ್ಳುತ್ತದೆ. ತನ್ನ ತೂಕದ ಸುಮಾರು ಮೂರನೇ ಒಂದು ಭಾಗದಷ್ಟು ತೇವ ಕುಡಿದರೂ ಉಣ್ಣೆ ಮುಟ್ಟಿದರೆ ಒದ್ದೆ ಅನ್ನಿಸೋದಿಲ್ಲ. ಹಾಗೆ ತೇವ ಹೀರುವಾಗ ತಾನೇ ಸ್ವಲ್ಪ ಶಾಖವನ್ನೂ ಬಿಡುತ್ತದೆ. ಇದು ನಂಬಿಕೆಯ ಮಾತಲ್ಲ, ಅಳೆದು ನೋಡಿರೋ ಮಾತು.

ಹತ್ತಿ ಬಟ್ಟೆ ಹೀಗಲ್ಲ. ನೆನೆದ ಹತ್ತಿ ಮೈಗೆ ಅಂಟಿಕೊಳ್ಳುತ್ತದೆ, ಒಳಗಿನ ಗಾಳಿ ಹೋಗಿ ಆ ಜಾಗದಲ್ಲಿ ನೀರು ಕೂರುತ್ತದೆ. ನೀರು ಗಾಳಿಗಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು ಬೇಗ ಶಾಖವನ್ನು ಎಳೆದುಕೊಳ್ಳುತ್ತದೆ. ಅದಕ್ಕೇ ನೆಂದ ಲುಂಗಿ ಬನಿಯನ್ನಿನಲ್ಲಿ ನಿಂತವನು ನಡುಗುತ್ತಾನೆ, ಪಕ್ಕದಲ್ಲೇ ನೆಂದ ಕಂಬಳಿ ಹೊದ್ದವನು ಬೀಡಿ ಹಚ್ಚಿಕೊಂಡು ನಿಂತಿರುತ್ತಾನೆ.

ಬೇಸಿಗೆ, ಚಳಿ

ಉಣ್ಣೆ ಚಳಿಗೆ ಮಾತ್ರ ಅನ್ನೋದು ಪಟ್ಟಣದ ತಿಳಿವಳಿಕೆ. ಚಳ್ಳಕೆರೆ, ಹಿರಿಯೂರು, ಸಿರಾ ಸೀಮೆಯ ಕುರಿಗಾಹಿಯನ್ನು ಏಪ್ರಿಲ್ ತಿಂಗಳ ಮಟಮಟ ಮಧ್ಯಾಹ್ನ ನೋಡಿ. ತಲೆ ಮೇಲೆ ಅದೇ ಕರಿ ಕಂಬಳಿ. ಒಳಗೆ ನಿಂತ ಗಾಳಿ ಮಾಗಿಯಲ್ಲಿ ಮೈ ಬಿಸಿ ಹೊರಹೋಗದಂತೆ ತಡೆದ ಹಾಗೆಯೇ ಬೇಸಿಗೆಯಲ್ಲಿ ಬಿಸಿಲಿನ ಬಿಸಿ ಒಳಬರದಂತೆ ತಡೆಯುತ್ತದೆ. ರಾತ್ರಿ ಬಯಲಲ್ಲಿ ಮಲಗುವಾಗ ಅದೇ ಹಾಸಿಗೆ, ಅದೇ ಹೊದಿಕೆ. ನೆಲದ ಥಂಡಿ ಏರೋದಿಲ್ಲ. ಹುಟ್ಟಿದ ಮರಿಯನ್ನು ಹೊತ್ತುಕೊಂಡು ಹೋಗೋಕೆ ಅದೇ ಜೋಳಿಗೆ, ಕಣದಲ್ಲಿ ಕಾಳು ಕಟ್ಟೋಕೆ ಅದೇ ಗಂಟು. ನಾಲ್ಕು ಕೋಲು ನೆಟ್ಟರೆ ಅದೇ ಡೇರೆ. ತಿಂಗಳುಗಟ್ಟಲೆ ಊರು ಬಿಟ್ಟು ತಿರುಗೋ ಮನುಷ್ಯ ಒಂದೇ ಒಂದು ವಸ್ತು ಹೊರಬಹುದು ಅಂದರೆ ಏನನ್ನು ಆರಿಸಿಕೊಳ್ಳಬೇಕು ಅನ್ನೋದನ್ನು ಅವನು ತಲೆಮಾರುಗಳ ಹಿಂದೆಯೇ ತೀರ್ಮಾನ ಮಾಡಿಬಿಟ್ಟಿದ್ದಾನೆ.

ಚಳಿಗಾಲದ್ದು ಹೆಚ್ಚು ಹೇಳಬೇಕಿಲ್ಲ. ಆದರೆ ಒಂದು ಮಾತು. ಪಂಪ್‌ಸೆಟ್ಟಿಗೆ ರಾತ್ರಿ ಹೊತ್ತು ಕರೆಂಟು ಕೊಟ್ಟಾಗ, ಮಾಗಿಯ ಎರಡು ಗಂಟೆ ರಾತ್ರಿಯಲ್ಲಿ ಎದ್ದು ನೀರು ತಿರುವೋಕೆ ಹೋಗೋ ರೈತ ಏನು ಹೊದ್ದುಕೊಂಡು ಹೋಗಬೇಕು ಅಂತ ಯಾವ ಇಲಾಖೆಯೂ ಯೋಚನೆ ಮಾಡೋದಿಲ್ಲ. ಅವನ ಜೊತೆಗೆ ಹೋಗೋದು ಒಂದು ಟಾರ್ಚು, ಒಂದು ಕಂಬಳಿ. ಹಾವಿಗೆ ಟಾರ್ಚು, ಚಳಿಗೆ ಕಂಬಳಿ.

ಬೆಂಕಿಯ ಮಾತೂ ಹೇಳಬೇಕು, ಕಬ್ಬಿಣ ಕಾಯಿಸಿದ ಊರು ಭದ್ರಾವತಿ. ಉಣ್ಣೆಗೆ ಬೆಂಕಿ ಹತ್ತಬೇಕಾದರೆ ಶಾಖ 570 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಬರಬೇಕು. ಕಿಡಿ ಬಿದ್ದರೆ ಅಷ್ಟು ಜಾಗ ಕರಕಲಾಗಿ ಅಲ್ಲಿಗೇ ಆರುತ್ತದೆ. ಪಾಲಿಯೆಸ್ಟರ್ 250 ಡಿಗ್ರಿ ದಾಟಿದರೆ ಕರಗಿ ಚರ್ಮಕ್ಕೆ ಅಂಟಿಕೊಳ್ಳುತ್ತದೆ. ಒಲೆ ಮುಂದೆ, ಆಲೆಮನೆ ಮುಂದೆ, ಕುಲುಮೆ ಮುಂದೆ ಕೂರೋರು ಇದನ್ನು ನೆನಪಿಡಬೇಕು. ಮೈಗೆ ಬೆಂಕಿ ಹತ್ತಿದವರನ್ನು ಕಂಬಳಿಯಲ್ಲಿ ಸುತ್ತಿ ಅಂತ ಹಿರಿಯರು ಹೇಳೋದು ಇದಕ್ಕೇ.

ಬೆಟ್ಟ ಹತ್ತುವ ಹುಡುಗರಿಗೆ

ಈಚೆಗೆ ನಮ್ಮ ಹುಡುಗ ಹುಡುಗಿಯರು ರಜೆ ಬಂದರೆ ಕೊಡಚಾದ್ರಿ, ಕುದುರೆಮುಖ, ಮುಳ್ಳಯ್ಯನಗಿರಿ ಅಂತ ಹೊರಡುತ್ತಾರೆ. ಒಳ್ಳೆಯದೇ, ನಾಡು ನೋಡಬೇಕು. ಆದರೆ ಅವರು ಹೋಗೋ ವೇಷ ನೋಡಿದರೆ ಭಯವಾಗುತ್ತದೆ. ಜೀನ್ಸ್ ಪ್ಯಾಂಟು, ಹತ್ತಿ ಬನಿಯನ್ನು, ಮೇಲೊಂದು ಪ್ಲಾಸ್ಟಿಕ್ ಕೋಟು. ಕೊಡಚಾದ್ರಿ 1343 ಮೀಟರ್ ಎತ್ತರ. ಹತ್ತುವಾಗ ಬೆವರು, ತುದಿಯಲ್ಲಿ ಗಾಳಿ ಮಂಜು. ನೆಂದ ಜೀನ್ಸ್ ಒಣಗೋದೇ ಇಲ್ಲ. ಹಿಮವೇ ಬೇಕಿಲ್ಲ, ಮಳೆ ಮತ್ತು ಗಾಳಿ ಸೇರಿದರೆ ಹದಿನೈದು ಡಿಗ್ರಿಯಲ್ಲೂ ಮನುಷ್ಯನ ಮೈ ಶಾಖ ಅಪಾಯಕ್ಕೆ ಇಳಿಯಬಹುದು. ಮೊದಲು ನಡುಕ, ಆಮೇಲೆ ಮಾತು ತೊದಲೋದು, ಆಮೇಲೆ ಮಂಕು.

1924ರಲ್ಲಿ ಮ್ಯಾಲರಿ ಅನ್ನೋ ಇಂಗ್ಲಿಷರವನು ಎವರೆಸ್ಟ್ ಹತ್ತೋಕೆ ಹೋಗಿ ಮೇಲೆಯೇ ಉಳಿದ. ಅವನ ದೇಹ 1999ರಲ್ಲಿ ಸಿಕ್ಕಿತು. ಮೈಮೇಲಿದ್ದದ್ದು ಉಣ್ಣೆ, ರೇಷ್ಮೆ, ಹತ್ತಿ. ಅವನ ಬಟ್ಟೆಯ ಪಡಿಯಚ್ಚು ಹೊಲಿಸಿ 2006ರಲ್ಲಿ ಪರೀಕ್ಷೆ ಮಾಡಿ ನೋಡಿದವರು ಅದು ಹಗುರವಾಗಿಯೂ ಬೆಚ್ಚಗೂ ಇದೆ ಅಂದರು. ಈಗ ಪರ್ವತ ಹತ್ತುವವರು ಮತ್ತೆ ಉಣ್ಣೆಗೇ ಬಂದಿದ್ದಾರೆ. ಮೆರಿನೋ ಅನ್ನೋ ಕುರಿಯ ನಯವಾದ ಉಣ್ಣೆಯ ಒಳಬನಿಯನ್ನು ಹಾಕುತ್ತಾರೆ. ನಾಲ್ಕು ದಿನ ಹಾಕಿದರೂ ವಾಸನೆ ಬರೋದು ಕಡಿಮೆ, ಬೇಸಿಗೆಗೂ ಆಗುತ್ತದೆ, ಚಳಿಗೂ ಆಗುತ್ತದೆ. ಅಂಗಡಿಯಲ್ಲಿ ಒಂದಕ್ಕೆ ಸಾವಿರಾರು ರೂಪಾಯಿ. ನಮ್ಮ ಕುರಿಗಾಹಿಗೆ ಗೊತ್ತಿದ್ದ ಮಾತನ್ನೇ ಇಂಗ್ಲಿಷಿನಲ್ಲಿ ಚೀಟಿ ಹಚ್ಚಿ ಮಾರುತ್ತಾರೆ ಅಷ್ಟೆ.

ಹಾಗಂತ ನಮ್ಮ ಕಂಬಳಿಯನ್ನು ಹೊಗಳಿ ಅಟ್ಟಕ್ಕೇರಿಸೋದೂ ಬೇಡ, ಇದ್ದದ್ದು ಇದ್ದ ಹಾಗೆ ಹೇಳೋಣ. ಮೆರಿನೋ ಎಳೆಯ ದಪ್ಪ 20 ಮೈಕ್ರಾನ್ ಆಸುಪಾಸು. ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು. 30 ದಾಟಿದ ಎಳೆ ಬರಿಮೈಗೆ ಚುಚ್ಚುತ್ತದೆ. ನಮ್ಮ ದಖ್ಖನಿ ಕುರಿಯ ತುಪ್ಪಟ ಮೆರಿನೋದ ಎರಡು ಪಟ್ಟು ದಪ್ಪ. ಹೀಗಾಗಿ ಅದು ಒಳಬನಿಯನ್ನಿಗೆ ಬರೋದಿಲ್ಲ, ಮೇಲೆ ಹೊದೆಯೋಕೆ, ಹಾಸೋಕೆ, ಕೋಟಿಗೆ ಸರಿ. ಪೂರ್ತಿ ನೆಂದರೆ ಭಾರ, ಒಣಗೋಕೆ ಹೊತ್ತು ಬೇಕು. ಜಡಿಮಳೆಯಲ್ಲಿ ಇಡೀ ದಿನ ನಿಂತರೆ ನೀರು ಇಳಿದೇ ಇಳಿಯುತ್ತದೆ. ಬುದ್ಧಿವಂತರು ಜಡಿಮಳೆಯಲ್ಲಿ ಕಂಬಳಿಯ ಮೇಲೊಂದು ತೆಳು ಪ್ಲಾಸ್ಟಿಕ್ ಹೊದೆಯುತ್ತಾರೆ, ಮಳೆ ಸಣ್ಣದಾದರೆ ತೆಗೆಯುತ್ತಾರೆ. ಅದು ಸರಿಯಾದ ಕ್ರಮ.

ಇನ್ನು ಕಾಪಾಡೋ ರೀತಿ. ಬಿಸಿನೀರು ಹಾಕಿ ಉಜ್ಜಬೇಡಿ, ಎಳೆಯ ಪೊರೆಗಳು ಒಂದಕ್ಕೊಂದು ಸಿಕ್ಕಿಕೊಂಡು ಕಂಬಳಿ ಕುಗ್ಗಿ ಗಟ್ಟಿಯಾಗುತ್ತದೆ. ಸೋಡಾ ಪುಡಿ ಹಾಕಿದರೆ ಜಿಡ್ಡು ಹೋಗಿ ನೀರು ಬೇಗ ಇಳಿಯುತ್ತದೆ. ತಣ್ಣೀರು, ಅಂಟುವಾಳ ಸಾಕು. ತಿರುಚಿ ಹಿಂಡಬೇಡಿ, ಒದ್ದೆ ಉಣ್ಣೆಗೆ ಬಲ ಕಡಿಮೆ. ಮಳೆಗಾಲ ಮುಗಿದ ಮೇಲೆ ಬಿಸಿಲಿಗೆ ಹಾಕಿ ಕೊಡವಿ, ಬೇವಿನ ಸೊಪ್ಪು ಇಟ್ಟು ಮಡಚಿ. ಕೊಳೆಯಿದ್ದ ಕಡೆಯೇ ನುಸಿ ಹುಳ ಮೊದಲು ಬಾಯಿ ಹಾಕೋದು. ಕೊಳ್ಳುವಾಗ ಅಂಚಿನ ಒಂದೆಳೆ ಕಿತ್ತು ಬೆಂಕಿಗೆ ಹಿಡಿಯಿರಿ. ಕೂದಲು ಸುಟ್ಟ ವಾಸನೆ ಬಂದು, ಬೂದಿ ಬೆರಳಲ್ಲಿ ಪುಡಿಯಾದರೆ ಉಣ್ಣೆ. ಕರಗಿ ಗಟ್ಟಿ ಮಣಿಯಾದರೆ ಅದು ಪೆಟ್ರೋಲಿಯಂ ಕುರಿಯ ಉಣ್ಣೆ!

ಒಂದು ಕಂಬಳಿಯ ಲೆಕ್ಕ

ಈಗ ನಮ್ಮ ವಿಷಯಕ್ಕೆ ಬರೋಣ, ಲೆಕ್ಕಕ್ಕೆ.

ದಖ್ಖನಿ ಕುರಿಗೆ ವರ್ಷಕ್ಕೆ ಎರಡು ಸಲ ತುಪ್ಪಟ ಕತ್ತರಿಸುತ್ತಾರೆ. ಎರಡೂ ಸೇರಿ ಒಂದು ಕುರಿಗೆ ಅರ್ಧ ಕಿಲೋದಿಂದ ಮುಕ್ಕಾಲು ಕಿಲೋ. ಹೊಲಸು, ಮುಳ್ಳು ಕಳೆದರೆ ಇನ್ನೂ ಕಡಿಮೆ. ಕಂಬಳಿ ಎರಡೂವರೆ ಕಿಲೋ ತೂಗಿದರೆ ನಾಲ್ಕೈದು ಕುರಿಯ ಇಡೀ ವರ್ಷದ ಬೆಳೆ ಒಂದು ಕಂಬಳಿಗೆ ಬೇಕು. ಇದು ಬರೀ ಕಚ್ಚಾ ಮಾಲು.

ಆಮೇಲೆ ಕೆಲಸ. ಕುರಿಯನ್ನು ಕೆರೆಗೆ ಇಳಿಸಿ ತೊಳೆಯಬೇಕು. ಕತ್ತರಿ ಹಿಡಿದು ಚರ್ಮ ಗಾಯವಾಗದಂತೆ ಕತ್ತರಿಸಬೇಕು. ಬಣ್ಣ ಬೇರೆ ಮಾಡಬೇಕು: ಕರಿದು, ಬಿಳಿದು, ಮರಿಯ ಮೊದಲ ತುಪ್ಪಟ. ಮರಿಯದು ಬಲು ಮೆತ್ತಗೆ. ಬಿಲ್ಲಿನಲ್ಲಿ ಹಿಂಜಿ ಹಂಜಿ ಮಾಡಬೇಕು. ಹೆಂಗಸರು ರಾಟೆಯಲ್ಲಿ ನೂಲು ತೆಗೆಯಬೇಕು. ಹುಣಸೆ ಬೀಜ ಹುರಿದು, ಸಿಪ್ಪೆ ತೆಗೆದು, ನೆನೆಸಿ, ಅರೆದು, ಕುದಿಸಿ ಅಂಟು ಮಾಡಿ ಹಾಸಿನ ನೂಲಿಗೆ ಸವರಿ ಒಣಗಿಸಬೇಕು. ಇಲ್ಲದಿದ್ದರೆ ಆ ಒರಟು ನೂಲು ಮಗ್ಗದಲ್ಲಿ ತಡೆಯೋದಿಲ್ಲ. ಆಮೇಲೆ ಗುಂಡಿ ಮಗ್ಗದಲ್ಲಿ ಕೂತು ನೇಯಬೇಕು. ಗಂಡಸಿನ ನೇಯ್ಗೆ ದಿನಗಳ ಕೆಲಸ, ಅದರ ಹಿಂದಿನ ಹೆಂಗಸರ ನೂಲುವಿಕೆ ವಾರಗಳ ಕೆಲಸ. ಕಂಬಳಿಯ ಬೆಲೆ ಹೇಳುವಾಗ ನೇಯ್ದವನ ಕೂಲಿ ಹೇಳುತ್ತಾರೆ. ನೂತವಳ ಕೂಲಿ ಯಾರೂ ಹೇಳೋದಿಲ್ಲ. ಮನೆ ಕೆಲಸದ ಲೆಕ್ಕಕ್ಕೆ ಸೇರಿಸಿಬಿಡುತ್ತಾರೆ. ನಮ್ಮ ಹೊಲದ ಉತ್ಪಾದನಾ ವೆಚ್ಚದಲ್ಲಿ ನಮ್ಮ ಮನೆಯ ಹೆಣ್ಣುಮಕ್ಕಳ ದುಡಿಮೆಗೆ ಆಗೋ ಮೋಸವೇ ಇಲ್ಲೂ ಆಗುತ್ತದೆ.

ಸಾಲದ ಕಥೆಯೂ ನಮ್ಮದೇ. ಕೈಯಲ್ಲಿ ದುಡ್ಡಿದ್ದರೆ ತುಪ್ಪಟ ಕತ್ತರಿಸೋ ಕಾಲದಲ್ಲಿ ಕಚ್ಚಾ ಮಾಲು ಕೊಂಡು ಇಟ್ಟುಕೊಳ್ಳಬಹುದು. ಇಲ್ಲದವನು ವ್ಯಾಪಾರಿಯ ಹತ್ತಿರ ನೂಲು ಸಾಲ ತರುತ್ತಾನೆ. ನೂಲು ಕೊಟ್ಟವನೇ ಕಂಬಳಿ ಕೊಳ್ಳುವವನು, ಅವನೇ ಬೆಲೆ ಹೇಳುವವನು. ಮಳೆಗಾಲಕ್ಕೆ ಮುಂಚೆ ಮಾರಿದರೆ ಬೆಲೆ ಇದೆ, ಆದರೆ ಸಾಲ ಕೊಟ್ಟವನು ಬೇಸಿಗೆಯಲ್ಲೇ ಮಾಲು ಎತ್ತುತ್ತಾನೆ. ಗೊಬ್ಬರ ಸಾಲ ಕೊಟ್ಟವನೇ ಕಣಕ್ಕೆ ಬಂದು ಜೋಳ ಅಳೆದುಕೊಂಡು ಹೋಗೋದನ್ನು ನಾವು ನೋಡಿಲ್ಲವೇ? ಅದೇ ಹಗ್ಗ, ಕೊರಳು ಮಾತ್ರ ಬೇರೆ.

ಬೆಲೆ ಹೇಗೆ ಸತ್ತಿತು

ದಖ್ಖನಿನ ಎಷ್ಟೋ ಕಡೆ ಇವತ್ತು ತುಪ್ಪಟ ಮಾರಿದರೆ ಬರೋ ದುಡ್ಡು ಕತ್ತರಿಸಿದ ಕೂಲಿಗೆ ಸಾಲೋದಿಲ್ಲ. ಕತ್ತರಿಸದೆ ಬಿಟ್ಟರೆ ಕುರಿಗೆ ಸೆಕೆ, ಉಣ್ಣೆ ಹುಳುವಿನ ಕಾಟ. ಹೀಗಾಗಿ ಕೈಯಿಂದ ಕೂಲಿ ಕೊಟ್ಟು ಕತ್ತರಿಸಿ, ತುಪ್ಪಟವನ್ನು ಬೇಲಿ ಬದಿಗೆ ಎಸೆದು ಮುಂದೆ ಹೋಗುತ್ತಾರೆ. ಸೊನ್ನೆಗೂ ಕೆಳಗೆ ಅಂತ ನಾನು ಮೊದಲಲ್ಲಿ ಅಂದದ್ದು ಇದನ್ನೇ.

ಇದು ತಾನಾಗಿ ಆದದ್ದಲ್ಲ. ಒಂದೊಂದಾಗಿ ನೋಡಿ.

ಮೊದಲನೆಯದು, ಅಗ್ಗದ ಹೊದಿಕೆ. ಹರಿಯಾಣದ ಪಾಣಿಪತ್ತಿನಲ್ಲಿ ಹೊರದೇಶದ ಹಳೇ ಬಟ್ಟೆಗಳನ್ನು ಹರಿದು, ಮತ್ತೆ ನೂಲು ಮಾಡಿ ಶಾಡಿ ಕಂಬಳಿ ನೇಯುತ್ತಾರೆ. ನೆರೆ ಬರ ಬಂದಾಗ ಪರಿಹಾರಕ್ಕೆ ಹಂಚೋದು ಹೆಚ್ಚಾಗಿ ಅಂಥದ್ದೇ. ಈಗ ಅದನ್ನೂ ಪಾಲಿಯೆಸ್ಟರ್ ಹೊದಿಕೆ ನುಂಗುತ್ತಿದೆ.

ಎರಡನೆಯದು, ಕುರಿಯೇ ಬದಲಾಯಿತು. ಮಾಂಸಕ್ಕೆ ಬೆಲೆ ಇದೆ, ತುಪ್ಪಟಕ್ಕಿಲ್ಲ. ಕುರಿಗಾಹಿ ಏನು ಮಾಡಬೇಕು? ಬೇಗ ತೂಕ ಬರುವ, ಮೈಮೇಲೆ ತುಪ್ಪಟವಿಲ್ಲದ ನೆಲ್ಲೂರು ಮುಂತಾದ ತಳಿಯ ಟಗರು ಬಿಟ್ಟ. ಅವನನ್ನು ದೂರೋ ಹಾಗಿಲ್ಲ, ರಾಗಿ ಬಿಟ್ಟು ನಾವು ಅಡಿಕೆ ಹಾಕಿದ್ದು ಯಾಕೆ? ಆದರೆ ಮಳೆ ಚಳಿ ತಡೆದು ನೂರಾರು ಮೈಲಿ ನಡೆಯುವ ದಖ್ಖನಿ ತಳಿ ತೆಳುವಾಗುತ್ತಾ ಬಂತು. ಕಬ್ಬನ್ ಸಾಹೇಬರ ಕಾಲದಲ್ಲಿ ಮೆರಿನೋ ಟಗರು ತರಿಸಿ ಮೈಸೂರು ಸೀಮೆಯ ಉಣ್ಣೆ ನಯಮಾಡೋ ಪ್ರಯತ್ನ ನಡೆದಿತ್ತು. ಒಣಸೀಮೆಯಲ್ಲಿ ಉಳಿದದ್ದು ನಾಡ ಕುರಿಯೇ.

ಮೂರನೆಯದು, ಮೇವಿನ ನೆಲ. ಇದು ಕಾಗದನಗರದಲ್ಲೇ ನಿಂತು ಹೇಳಬೇಕಾದ ಮಾತು. ಕಾಗದಕ್ಕೆ ತಿರುಳು ಬೇಕು, ರೇಯಾನ್ ನೂಲಿಗೂ ತಿರುಳು ಬೇಕು. ತಿರುಳಿಗೆ ನೀಲಗಿರಿ, ಅಕೇಶಿಯಾ. 1984ರಲ್ಲಿ ಸರ್ಕಾರದ ನಿಗಮ ಮತ್ತು ಹರಿಹರ ಪಾಲಿಫೈಬರ್ಸ್ ಸೇರಿ ಕರ್ನಾಟಕ ಪಲ್ಪ್‌ವುಡ್ ಕಂಪನಿ ಮಾಡಿ, ಶಿವಮೊಗ್ಗ, ಧಾರವಾಡ ಮೊದಲಾದ ಜಿಲ್ಲೆಗಳ 30,000 ಹೆಕ್ಟೇರ್ ನೆಲಕ್ಕೆ ಕೈಹಾಕಿದರು. ಕಾಗದದಲ್ಲಿ ಅದು ಪಾಳು ಭೂಮಿ. ಹಳ್ಳಿಯವರಿಗೆ ಅದು ಗೋಮಾಳ, ಸೊಪ್ಪಿನಬೆಟ್ಟ, ಸೌದೆ. 1987ರ ನವೆಂಬರ್ 14ರಂದು ಕುಸನೂರಿನಲ್ಲಿ ಜನ ನೀಲಗಿರಿ ಸಸಿ ಕಿತ್ತು ತಮಗೆ ಬೇಕಾದ ಗಿಡ ನೆಟ್ಟರು. ಅದೇ ಕಿತ್ತಿಕೋ ಹಚ್ಚಿಕೋ ಸತ್ಯಾಗ್ರಹ. 1991ರಲ್ಲಿ ಆ ಕಂಪನಿ ಮುಚ್ಚುವ ತೀರ್ಮಾನವಾಯಿತು. ಜನ ಗೆದ್ದದ್ದು ನಿಜ. ಆದರೆ ಬೇರೆ ಬೇರೆ ಹೆಸರಿನಲ್ಲಿ ನೆಡುತೋಪು ಆದ ನೆಲ, ನಿವೇಶನ ಆದ ನೆಲ, ನಾವೇ ಒತ್ತುವರಿ ಮಾಡಿದ ನೆಲ ಎಷ್ಟು? ಹೌದು, ನಾವೇ. ಕುರಿ ಮೇಯೋ ಜಾಗಕ್ಕೆ ಬೇಲಿ ಹಾಕಿದವರಲ್ಲಿ ರೈತರೂ ಇದ್ದಾರೆ. ಅದನ್ನು ಮುಚ್ಚಿಟ್ಟು ಕಂಪನಿಯನ್ನು ಮಾತ್ರ ಬೈದರೆ ಆ ಮಾತಿಗೆ ತೂಕ ಬರೋದಿಲ್ಲ.

ನಾಲ್ಕನೆಯದು, ಹೊರಗಿನ ಉಣ್ಣೆ. ನಯವಾದ ಉಣ್ಣೆಗೆ ನಮ್ಮ ಗಿರಣಿಗಳು ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಕಡೆ ನೋಡುತ್ತವೆ. ಭಾರತ ಆಸ್ಟ್ರೇಲಿಯಾ ವ್ಯಾಪಾರ ಒಪ್ಪಂದ 2022ರ ಡಿಸೆಂಬರ್ 29ರಂದು ಜಾರಿಗೆ ಬಂದಾಗ ಅಲ್ಲಿಂದ ಬರೋ ಉಣ್ಣೆಯ ಮೇಲಿದ್ದ ಶೇಕಡಾ 2.5ರ ಸುಂಕ ತೆಗೆದರು. ಆ ಉಣ್ಣೆ ಬೇರೆ, ನಮ್ಮದು ಬೇರೆ, ಒಂದರ ಬದಲು ಇನ್ನೊಂದು ಬರೋದಿಲ್ಲ ಅಂತ ಅಧಿಕಾರಿಗಳು ಹೇಳಬಹುದು. ಅರ್ಧ ನಿಜ. ಆದರೆ ಒಂದು ಕೈ ಸುಂಕ ಬಿಟ್ಟುಕೊಟ್ಟಾಗ ಇನ್ನೊಂದು ಕೈ ನಾಡ ಉಣ್ಣೆಗೆ ಏನು ಕೊಟ್ಟಿತು? ಕೇಂದ್ರ ಸರ್ಕಾರ ಬೆಂಬಲ ಬೆಲೆ ಗೊತ್ತುಮಾಡೋ 22 ಬೆಳೆಗಳ ಪಟ್ಟಿಯಲ್ಲಿ ಸೆಣಬು ಇದೆ, ಹತ್ತಿ ಇದೆ, ಉಣ್ಣೆ ಇಲ್ಲ.

ಆಸ್ಟ್ರೇಲಿಯಾದ ಪಾಠ

ಬೆಂಬಲ ಬೆಲೆ ಕೊಟ್ಟರೆ ಎಲ್ಲ ಸರಿಹೋಗುತ್ತೆ ಅಂತ ಕೂಗಿ ಮನೆಗೆ ಹೋಗೋಣವೇ? ಆಸ್ಟ್ರೇಲಿಯಾದ ಕುರಿ ಸಾಕುವವರು ಅದನ್ನೂ ಮಾಡಿ ನೋಡಿದ್ದಾರೆ. 1970ರ ದಶಕದಿಂದ ಅಲ್ಲಿ ಉಣ್ಣೆಗೆ ಕನಿಷ್ಠ ಬೆಲೆ ಇತ್ತು. ಮಾರುಕಟ್ಟೆ ಅದಕ್ಕಿಂತ ಇಳಿದರೆ ನಿಗಮವೇ ಕೊಳ್ಳೋದು, ಬೆಲೆ ಏರಿದಾಗ ಮಾರೋದು. ವರ್ಷಗಟ್ಟಲೆ ಚೆನ್ನಾಗಿಯೇ ನಡೆಯಿತು. 1988ರಲ್ಲಿ ಬೆಲೆ ಏರಿದ ಹುಮ್ಮಸ್ಸಿನಲ್ಲಿ ಕನಿಷ್ಠ ಬೆಲೆಯನ್ನು ಕಿಲೋಗೆ 870 ಸೆಂಟಿಗೆ ಏರಿಸಿದರು. ಆ ಬೆಲೆಗೆ ಎಲ್ಲರೂ ಕುರಿ ಹೆಚ್ಚಿಸಿದರು. ಅದೇ ಹೊತ್ತಿಗೆ ಸೋವಿಯತ್ ಒಕ್ಕೂಟ, ಚೀನಾ ಕೊಳ್ಳೋದು ಕಡಿಮೆ ಮಾಡಿದವು. ಗೋದಾಮಿನಲ್ಲಿ 47 ಲಕ್ಷ ಬೇಲು ರಾಶಿ ಬಿತ್ತು. 1991ರ ಫೆಬ್ರವರಿಯಲ್ಲಿ ಯೋಜನೆ ಕುಸಿಯಿತು. ಲಕ್ಷಾಂತರ ಕುರಿಗಳನ್ನು ಗುಂಡಿಟ್ಟು ಹೂಳಿದರು. ಆ ರಾಶಿ ಮಾರಿ ಮುಗಿಸೋಕೆ 2001ರವರೆಗೆ ಬೇಕಾಯಿತು.

ಇದರಿಂದ ಕನಿಷ್ಠ ಬೆಲೆಯೇ ತಪ್ಪು ಅಂತ ಪೇಟೆಯ ಪಂಡಿತರು ಹೇಳುತ್ತಾರೆ. ನಾನು ಕಲಿತ ಪಾಠ ಬೇರೆ. ಬೆಲೆ ಉತ್ಪಾದನಾ ವೆಚ್ಚಕ್ಕೆ ಅಂಟಿಕೊಂಡಿರಬೇಕು, ಹುಮ್ಮಸ್ಸಿಗಲ್ಲ. ಕೊಳ್ಳುವ ಕೈ ಯಾವುದು ಅಂತ ಮೊದಲೇ ಗೊತ್ತಿರಬೇಕು. ಗೋದಾಮು ತುಂಬೋದು ಬೆಲೆ ಕೊಟ್ಟ ಹಾಗಲ್ಲ, ಮಾಲು ಬಳಕೆಯಾಗಬೇಕು. ನಮ್ಮ ತುಪ್ಪಟಕ್ಕೆ ಬಳಕೆ ಇದೆಯೇ? ಇದೆ ಅನ್ನೋದನ್ನೇ ಇಷ್ಟು ಹೊತ್ತು ಹೇಳಿದೆ.

ಏನು ಮಾಡಬಹುದು

ಒಂದು, ಮಂದೆಯ ಒಪ್ಪಂದ. ಭತ್ತ ಕೊಯ್ಲಾದ ಮೇಲೆ ಒಣಸೀಮೆಯ ಕುರಿ ಹಿಂಡುಗಳು ಭದ್ರಾ ನಾಲೆಯ ಗದ್ದೆಗಳ ಕಡೆ ಬರುತ್ತವೆ. ನಾವು ಗದ್ದೆಯಲ್ಲಿ ಮಂದೆ ಹಾಕಿಸಿಕೊಳ್ಳುತ್ತೇವೆ, ರಾತ್ರಿಗಿಷ್ಟು ಅಂತ ಕೊಡುತ್ತೇವೆ. ಚೀಲದ ಗೊಬ್ಬರಕ್ಕೆ ಕೇಳಿದ ಬೆಲೆ ಎಣಿಸೋ ನಾವು ಕುರಿಗಾಹಿಯ ಹತ್ತಿರ ಮಾತ್ರ ಚೌಕಾಸಿ ಮಾಡುತ್ತೇವೆ. ಊರ ಸಂಘ ಒಂದು ದರ ಗೊತ್ತುಮಾಡಲಿ, ಕಾಳು ಅಥವಾ ನಗದು. ದಾರಿಯಲ್ಲಿ ಹಿಂಡಿಗೆ ನೀರು, ನಿಲ್ಲೋಕೆ ಜಾಗ, ಕಳ್ಳರ ಕಾಟವಾದರೆ ಜೊತೆಗೆ ನಿಲ್ಲೋ ನಾಲ್ಕು ಜನ. ಇದು ಧರ್ಮ ಕೊಡೋದಲ್ಲ, ನಮ್ಮ ಮಣ್ಣಿಗೆ ಬಂದ ಗೊಬ್ಬರಕ್ಕೆ ಬೆಲೆ ಕೊಡೋದು.

ಎರಡು, ಬೇಸಿಗೆಯಲ್ಲಿ ಮುಂಗಡ. ಮಳೆಗಾಲಕ್ಕೆ ಬೇಕಾದ ಕಂಬಳಿಯನ್ನು ಊರಿಗೆ ಇಷ್ಟು ಅಂತ ಬರೆದುಕೊಂಡು, ಹಾವೇರಿ, ಚಿತ್ರದುರ್ಗ ಕಡೆಯ ನೇಕಾರರ ಸಹಕಾರ ಸಂಘಗಳಿಗೆ ಮಾರ್ಚಿಯಲ್ಲೇ ಅರ್ಧ ಹಣ ಕೊಟ್ಟರೆ ಅವರು ನೂಲು ಸಾಲಕ್ಕೆ ಹೋಗಬೇಕಿಲ್ಲ. ನಮಗೆ ಬೆಂಕಿ ಪರೀಕ್ಷೆ ಗೆದ್ದ ಕಂಬಳಿ, ಅವರಿಗೆ ನಡುವಿನ ಕೈಯಿಲ್ಲದ ಬೆಲೆ.

ಮೂರು, ಸರ್ಕಾರದ ಖರೀದಿ. ವಿದ್ಯಾರ್ಥಿ ನಿಲಯಗಳು, ಆಸ್ಪತ್ರೆಗಳು, ಅರಣ್ಯದ ಕಾವಲುಗಾರರು, ರಾತ್ರಿ ಲೈನು ಹತ್ತೋ ವಿದ್ಯುತ್ ಕಾರ್ಮಿಕರು, ಪರಿಹಾರ ಕೇಂದ್ರಗಳು, ಇಷ್ಟಕ್ಕೆ ಬೇಕಾದ ಹೊದಿಕೆಯಲ್ಲಿ ಒಂದು ಪಾಲು ನಾಡ ಉಣ್ಣೆಯದೇ ಆಗಿರಬೇಕು ಅಂತ ಕೇಳೋಣ. ಕುರಿ ಮತ್ತು ಉಣ್ಣೆ ಅಭಿವೃದ್ಧಿ ನಿಗಮ ಅಂತ ಹೆಸರಿದೆ. ಕುರಿಗೆ ಸಾಲ, ಸಹಾಯಧನದ ಮಾತು ಕೇಳುತ್ತೇವೆ, ಹೆಸರಿನ ಇನ್ನರ್ಧಕ್ಕೂ ಕೆಲಸ ಕೊಡಲಿ.

ನಾಲ್ಕು, ಬರೀ ಕಂಬಳಿಯಲ್ಲೇ ನಿಲ್ಲೋದು ಬೇಡ. ಒರಟು ಉಣ್ಣೆಗೆ ಒರಟು ಕೆಲಸಗಳಿವೆ. ಜಮಖಾನ, ಚೀಲ, ಮಾಡಿನ ಕೆಳಗಿನ ಶಾಖ ತಡೆ, ಗಿಡದ ಬುಡಕ್ಕೆ ಮುಚ್ಚಿಗೆ. ಕೊಳೆತರೆ ಸಾರಜನಕದ ಗೊಬ್ಬರ. ಬೇಲಿ ಬದಿಗೆ ಎಸೆಯೋ ತುಪ್ಪಟವನ್ನು ಅಡಿಕೆ ಬುಡಕ್ಕೆ ಹಾಕಿದರೂ ಅದು ದುಡ್ಡೇ. ಬೆಟ್ಟ ಹತ್ತೋ ಹುಡುಗರಿಗೆ ಮರಿ ತುಪ್ಪಟದ ಹಗುರ ಶಾಲು, ಟೊಪ್ಪಿ ಮಾಡಬಹುದು. ಇಲ್ಲಿ ಕೂತ ಕಾಲೇಜು ಹುಡುಗರಲ್ಲಿ ಇಬ್ಬರಾದರೂ ಈ ಕೆಲಸ ತಲೆಗೆ ಹಚ್ಚಿಕೊಳ್ಳಿ.

ಕೊನೆಯ ಮಾತು. ನಮ್ಮ ಹೆಗಲ ಮೇಲೆ ಹಸಿರು ಶಾಲು ಇದೆ. ಅದು ಯಾವ ನೂಲಿನದು ಅಂತ ಒಂದು ಸಲ ಮುಟ್ಟಿ ನೋಡಿ. ಬಹುಪಾಲು ಪೆಟ್ರೋಲಿಯಂ ನೂಲೇ. ಹಾಲುಮತದವರ ಮನೆಯ ಮದುವೆಯಲ್ಲಿ ಗದ್ದುಗೆಗೆ ಹಾಸೋದು ಕರಿ ಕಂಬಳಿ. ರಾಜಕಾರಣಿಗಳು ವೇದಿಕೆ ಮೇಲೆ ಹೊದೆಸಿಕೊಂಡು ಫೋಟೋ ತೆಗೆಸಿಕೊಳ್ಳೋದೂ ಕರಿ ಕಂಬಳಿ. ಮಾನ ಸಿಕ್ಕಿದೆ, ಬೆಲೆ ಸಿಕ್ಕಿಲ್ಲ. ಮಾನದಿಂದ ನೂಲು ಸಾಲ ತೀರೋದಿಲ್ಲ.

ಬರುವ ಮಾರ್ಚಿಯೊಳಗೆ ನಿಮ್ಮ ನಿಮ್ಮ ಊರಿನಲ್ಲಿ ಎರಡು ಪಟ್ಟಿ ಮಾಡಿ. ಎಷ್ಟು ಮನೆಗೆ ಎಷ್ಟು ಕಂಬಳಿ ಬೇಕು ಅನ್ನೋದು ಒಂದು. ಯಾವ ಯಾವ ಸರ್ವೆ ನಂಬರಿನ ಗೋಮಾಳ ಯಾರ ಕೈಯಲ್ಲಿದೆ ಅನ್ನೋದು ಇನ್ನೊಂದು. ಮೊದಲನೆಯದು ಬರೆಯೋದು ಸುಲಭ. ಎರಡನೆಯದರಲ್ಲಿ ನಮ್ಮ ನೆಂಟರ ಹೆಸರೂ ಬರುತ್ತದೆ. ಎರಡನ್ನೂ ಬರೆದುಕೊಂಡೇ ಮುಂದಿನ ಸಭೆಗೆ ಬನ್ನಿ.